ಅರಿಸಿನ, ಬಿಸಿಲು, ಅರ್ಬುದ: ರಂಜಕ-ಕಿರಣ ಚಿಕಿತ್ಸೆಯ ಪೂರ್ವಚರಿತ್ರೆಯ ವಿಚಾರ

ಕೊಳ್ಳೇಗಾಲ, ಹನೂರು, ಎಳಂದೂರುಗಳ ಸೀಮೆಯು 1956ರ ವರೆಗೆ ಎರಡು ಸಂಸ್ಥಾನಗಳಿಗೆ ಹಂಚಿಹೋಗಿದ್ದಿತು. ಕೊಳ್ಳೇಗಾಲವು ಹನೂರಿನೊಡನೆ ಮದರಾಸಿನ ಆಡಳಿತದ ಕೊಯಮತ್ತೂರು ಜಿಲ್ಲೆಗೂ, ಎಳಂದೂರು ಮೈಸೂರಿಗೂ ಸೇರಿದ್ದುವು. ಆದರೂ ಅರಿಸಿನದ ಬೆಳೆಯೂ ರೇಷ್ಮೆಯ ಕಸಬೂ ಈ ಗಡಿಯನ್ನು ಲೆಕ್ಕಿಸಿದುವಲ್ಲ. ಇಲ್ಲಿ ನೂಲಿಗೆ ಬಣ್ಣ ಹಾಕುವವನೂ, ಬಟ್ಟೆಗೆ ಅರಿಸಿನ ಮುಟ್ಟಿಸುವ ಗೃಹಿಣಿಯೂ ಬಲ್ಲ ಸಂಗತಿಯೊಂದುಂಟು: ಅರಿಸಿನದ ಬಣ್ಣವು ಬಿಸಿಲಿಗೆ ನಿಲ್ಲದು. ವರ್ಣವು ಬೆಳಕನ್ನು ಹೀರಿಕೊಳ್ಳುವುದು, ಹೀರಿದ ಮೇಲೆ ಸುಮ್ಮನಿರದು ಎಂಬ ಈ ಅನುಭವದ ಹಿಂದಿರುವ ತತ್ತ್ವವೇ ಇಂದು ಏಡಿಗಂತಿಯ, ಅಂದರೆ ಕ್ಯಾನ್ಸರಿನ, ಚಿಕಿತ್ಸೆಯೊಂದಕ್ಕೆ ಆಧಾರವಾಗಿರುವುದು.

ಈ ಚಿಕಿತ್ಸೆಯು ಅಥರ್ವವೇದದಲ್ಲಿಯೇ ಇದೆಯೆಂಬ ಮಾತು ಹಬ್ಬಿದೆ. ಪಾಶ್ಚಾತ್ಯ ವೈದ್ಯಗ್ರಂಥಗಳ ಪೀಠಿಕೆಗಳಲ್ಲಿಯೂ ಪ್ರಾಚೀನ ಭಾರತದ ಹೆಸರು ಬರುವುದರಿಂದ ನಮ್ಮವರು ಹಿಗ್ಗುವುದು ಸಹಜವೇ. ಆದರೆ ಹಿಗ್ಗುವುದಕ್ಕೆ ಮುಂಚೆ ಮೂಲವನ್ನು ನೋಡಬೇಕಷ್ಟೆ.

ಅಥರ್ವವೇದದ ಮೊದಲನೆಯ ಕಾಂಡದ 23ನೆಯ ಸೂಕ್ತವು ಕಿಲಾಸವನ್ನು, ಎಂದರೆ ತೊನ್ನಿನ ಬಿಳಿಯ ಕಲೆಯನ್ನು, ಕುರಿತದ್ದು. ಅಲ್ಲಿ ಕಪ್ಪಾದ ಮೂಲಿಕೆಯೊಂದನ್ನು 'ರಜನೀ' ಎಂದು ಸಂಬೋಧಿಸಿ, ಕಲೆಗೆ ಬಣ್ಣ ಕಟ್ಟೆಂದು ಬೇಡಿದೆ. ನಿಘಂಟುಗಳಲ್ಲಿ ರಜನಿಯೆಂದರೆ ಅರಿಸಿನ. ಇರುಳಿನ ಹೆಸರುಗಳೆಲ್ಲ ಅರಿಸಿನಕ್ಕೆ ಸಲ್ಲುವುವೆಂದು ಅಮರಸಿಂಹನೂ ಸೂಚಿಸಿದ್ದಾನೆ. ಸೂಕ್ತದ ವಿನಿಯೋಗವನ್ನು ಹೇಳುವವರು ಭೃಂಗರಾಜಾದಿಗಳೊಡನೆ ಹರಿದ್ರೆಯನ್ನೂ ಎಣಿಸಿರುವರು. ಆದರೆ ಹಳದಿಯ ಗೆಡ್ಡೆಯನ್ನು ಋಷಿಯು ಕಪ್ಪೆಂದು ಕರೆದಾನೆ? ಇಲ್ಲಿ ರಜನೀಶಬ್ದವು ರಂಜ್ ಧಾತುವಿನ ಅರ್ಥವನ್ನೇ ಇಟ್ಟುಕೊಂಡು 'ಬಣ್ಣಗೊಳಿಸುವಂಥದು' ಎಂದಾಗುವುದೆಂದು ನಮ್ಮ ಮತ. ಮುಖ್ಯವಾಗಿ, ಆ ಸೂಕ್ತದಲ್ಲಿ ಬಿಸಿಲಿನ ಪ್ರಸಕ್ತಿಯೇ ಇಲ್ಲ.

ಬಿಸಿಲಿನ ಮಾತು ಸ್ಪಷ್ಟವಾಗಿ ದೊರೆಯುವುದು ಚರಕಸಂಹಿತೆಯಲ್ಲಿ. ಚಿಕಿತ್ಸಾಸ್ಥಾನದ ಏಳನೆಯ ಅಧ್ಯಾಯದಲ್ಲಿ ಶ್ವಿತ್ರರೋಗಿಗೆ ಮಲಪೂವಿನ ರಸವನ್ನು ಬೆಲ್ಲದೊಡನೆ ಕುಡಿಸಿ, ಶಕ್ತಿಯಿದ್ದಷ್ಟು ಬಿಸಿಲು ಕಾಯಿಸಿ, ಮೂರು ದಿನ ಗಂಜಿಯನ್ನು ಕೊಡಬೇಕೆಂದಿದೆ. ಕಲೆಯ ಮೇಲೆ ಏಳುವ ಗುಳ್ಳೆಗಳನ್ನು ಮುಳ್ಳಿನಿಂದ ಒಡೆಯಬೇಕೆಂದೂ ಇದೆ. ಮಲಪೂವೆಂದರೆ ನಮ್ಮ ಹಳ್ಳಗಳ ಬದಿಯಲ್ಲಿ ಬೆಳೆಯುವ ಕಾಡತ್ತಿ. ಅತ್ತಿಯ ಜಾತಿಯ ಮರಗಳಲ್ಲಿಯೂ ಬಾವಂಚಿಯ ಬೀಜದಲ್ಲಿಯೂ ಸೊರಾಲೆನ್ ಎಂಬ ದ್ರವ್ಯವರ್ಗವಿರುವುದು. ಅದು ಮೈಯಲ್ಲಿರುವಾಗ ಬಿಸಿಲು ತಾಗಿದರೆ ಚರ್ಮವು ಕೆಂಪಾಗಿ ಗುಳ್ಳೆಯೇಳುವುದು, ಬಳಿಕ ಕಪ್ಪಾಗುವುದು. ಗುಳ್ಳೆಯ ವಿಷಯವನ್ನು ಹೇಳಿರುವುದರಿಂದ ಗ್ರಂಥಕಾರನು ಕಂಡದ್ದನ್ನೇ ಬರೆದನೆಂದು ನಂಬಬಹುದು. ಔಷಧ, ಬಿಸಿಲು, ಫಲ ಇವುಗಳ ಕ್ರಮವನ್ನು ಇಷ್ಟು ನೇರವಾಗಿ ಹೇಳಿರುವುದು ಅಲ್ಪವಾದ ಕೀರ್ತಿಯಲ್ಲ.

ಆದರೆ ಇದು ತೊನ್ನಿನ ಚಿಕಿತ್ಸೆ, ಅರ್ಬುದದ್ದಲ್ಲ. ಅರ್ಬುದವನ್ನು ಸುಶ್ರುತನು ನಿದಾನಸ್ಥಾನದ ಹನ್ನೊಂದನೆಯ ಅಧ್ಯಾಯದಲ್ಲಿ ಗ್ರಂಥಿ, ಗಲಗಂಡಗಳೊಡನೆ ವಿವರಿಸಿರುವನು. ಚಿಕಿತ್ಸೆಯಲ್ಲಿ ಲೇಪ, ಸ್ವೇದ, ಕ್ಷಾರ, ಅಗ್ನಿ, ಶಸ್ತ್ರಗಳನ್ನು ಹೇಳಿ, ಸ್ವಲ್ಪ ಉಳಿದರೂ ಮತ್ತೆ ಬೆಳೆಯುವುದೆಂದು ಎಚ್ಚರಿಸಿರುವನು. ದ್ರವ್ಯವನ್ನು ಕೊಟ್ಟು ಬಿಸಿಲಿನಿಂದ ಅದನ್ನು ಕೆಲಸಮಾಡಿಸುವ ವಿಧಿಯು ಅಲ್ಲಿ ಕಾಣದು. ಎರಡು ಅಧ್ಯಾಯಗಳ ಮಾತನ್ನು ಒಂದಾಗಿ ಹೊಲಿದು ಶಾಸ್ತ್ರಕ್ಕೆ ಹೊದಿಸುವುದು ಶಾಸ್ತ್ರಭಕ್ತಿಯಲ್ಲ.

ತತ್ತ್ವದಲ್ಲಿಯೂ ಭೇದವುಂಟು. ಸೊರಾಲೆನ್ ನೇರಳಾತೀತ ಕಿರಣದಿಂದ ಚೇತನಗೊಂಡು ಜೀವಕೋಶದ ಡಿ.ಎನ್.ಎ.ಗೆ ತಾನೇ ಅಂಟಿಕೊಳ್ಳುವುದು. ಅರ್ಬುದಚಿಕಿತ್ಸೆಯ ರಂಜಕವಾದರೋ ಬೆಳಕಿನ ಶಕ್ತಿಯನ್ನು ಸಮೀಪದ ಆಮ್ಲಜನಕಕ್ಕೆ ದಾಟಿಸುವುದು. ಹಾಗೆ ಕೆರಳಿದ ಆಮ್ಲಜನಕವು ಹುಟ್ಟಿದೆಡೆಯಲ್ಲಿಯೇ ಕೋಶವನ್ನು ಸುಟ್ಟು ಕ್ಷಣಮಾತ್ರದಲ್ಲಿ ಅಳಿಯುವುದು. ಆಮ್ಲಜನಕವಿಲ್ಲದಿದ್ದರೆ ಈ ಕೆಲಸವು ನಡೆಯದು.

ಇದರ ಚರಿತ್ರೆಯು 1900ರಲ್ಲಿ ಮ್ಯೂನಿಕ್ ನಗರದಲ್ಲಿ ಮೊದಲಾಗುವುದು. ಹರ್ಮನ್ ಫಾನ್ ಟಾಪ್ಪೈನರನ ಶಿಷ್ಯನಾದ ಆಸ್ಕರ್ ರಾಬನು ಅಕ್ರಿಡೀನ್ ಬಣ್ಣವು ನೀರಿನ ಸೂಕ್ಷ್ಮಜೀವಿಗಳನ್ನು ಬೆಳಕಿನಲ್ಲಿ ಬೇಗನೆಯೂ ಕತ್ತಲಲ್ಲಿ ನಿಧಾನವಾಗಿಯೂ ಕೊಲ್ಲುವುದನ್ನು ಕಂಡನು. 1903ರಲ್ಲಿ ಟಾಪ್ಪೈನರನೂ ಯೆಸಿಯೋನೆಕನೂ ಚರ್ಮದ ಗಂತಿಗೆ ಇಯೋಸಿನ್ ಹಚ್ಚಿ ಬೆಳಕು ಹಾಯಿಸಿದರು. 1912ರಲ್ಲಿ ಮೈಯರ್-ಬೆಟ್ಸ್ ಎಂಬ ವೈದ್ಯನು ರಕ್ತದ ಕೆಂಪಿನಿಂದ ತೆಗೆದ ಹೆಮಟೊಪೋರ್ಫಿರಿನನ್ನು 200 ಮಿಲಿಗ್ರಾಂ ತನಗೇ ಚುಚ್ಚಿಕೊಂಡು ಬಿಸಿಲಿಗೆ ಹೋಗಿ, ಮುಖ ಬಾತು, ತಿಂಗಳುಗಟ್ಟಲೆ ಬೆಳಕಿಗೆ ಅಂಜಬೇಕಾಯಿತು. (ರಸಕ್ಕೆ ಕೆಂಪು ಕೊಡುವ ಪಿತ್ತವನ್ನು ನಮ್ಮವರು ರಂಜಕವೆಂದು ಕರೆದಿರುವುದು ಇಲ್ಲಿ ನೆನಪಾದರೆ ಆಶ್ಚರ್ಯವಿಲ್ಲ, ಆದರೆ ಅದು ಶಬ್ದದ ಸಾಮ್ಯವೇ ಹೊರತು ಪ್ರಮಾಣವಲ್ಲ.) ಬಹುಕಾಲದ ತರುವಾಯ 1978ರಲ್ಲಿ ಅಮೆರಿಕದ ಡೌಘರ್ಟಿಯು 113 ಗಂತಿಗಳಿಗೆ ಈ ಚಿಕಿತ್ಸೆ ಮಾಡಿ 111ರಲ್ಲಿ ಪೂರ್ಣವಾಗಿಯೋ ಭಾಗಶಃವೋ ಫಲ ಕಂಡುದನ್ನು ಪ್ರಕಟಿಸಿದನು. 1993ರಲ್ಲಿ ಕೆನಡಾದಲ್ಲಿ ಮೊದಲ ಔಷಧಕ್ಕೆ ಅನುಮತಿ ದೊರೆಯಿತು.

ಅರಿಸಿನಕ್ಕೂ ಈ ಚರಿತ್ರೆಯಲ್ಲಿ ಎಡೆಯುಂಟು, ಅದರ ಒಂದು ಪ್ರಸಂಗವು ಬೆಂಗಳೂರಿನದು. ಭಾರತೀಯ ವಿಜ್ಞಾನ ಸಂಸ್ಥೆಯ ಅಖಿಲ್ ಚಕ್ರವರ್ತಿಯವರೂ ಪಾಟೂರು ಕೊಂಡಯ್ಯನವರೂ ಸಹೋದ್ಯೋಗಿಗಳೊಡನೆ ಅರಿಸಿನದ ವರ್ಣಸಾರವಾದ ಕರ್ಕ್ಯುಮಿನನ್ನು ಪ್ಲಾಟಿನಮ್ಮಿಗೆ ಕಟ್ಟಿ 2015ರಲ್ಲಿ ಪ್ರಕಟಿಸಿದರು. ಒಂಟಿಯಾದ ಕರ್ಕ್ಯುಮಿನ್ ದೇಹದ್ರವದಲ್ಲಿ ಬೇಗ ಒಡೆದುಹೋಗುವುದು. ಲೋಹಕ್ಕೆ ಕಟ್ಟಿದರೆ ಬಾಳುವುದು. ಬೆಳಕು ಬಿದ್ದಾಗ ಬಂಧವು ಬಿಚ್ಚಿ, ಪ್ಲಾಟಿನಮ್ ಡಿ.ಎನ್.ಎ.ಯನ್ನು ಹಿಡಿಯುವುದು, ಬಣ್ಣವು ಆಮ್ಲಜನಕವನ್ನು ಕೆರಳಿಸುವುದು. ಇರುಳಿನ ಹೆಸರಿನ ಗೆಡ್ಡೆಗೆ ಬೆಳಕಿನಲ್ಲಿ ಕೆಲಸ ಸಿಕ್ಕಿತು! ಆದರೆ ಇದು ಪ್ರಯೋಗಶಾಲೆಯಲ್ಲಿ ಬೆಳೆಸಿದ ಕೋಶಗಳ ಮೇಲಿನ ಫಲ. ಅರಿಸಿನ ಬಳಿದು ಬಿಸಿಲಿಗೆ ಕುಳಿತರೆ ಗಂತಿ ಕರಗುವುದೆಂದು ಇದರಿಂದ ಊಹಿಸಿದವನು ಆಸ್ಪತ್ರೆಗೆ ಹೋಗಬೇಕಾದ ತಿಂಗಳುಗಳನ್ನು ಕಳೆದುಕೊಳ್ಳುವನು. ಕರ್ಕ್ಯುಮಿನ್ ಹೀರುವ ನೀಲಿಯ ಬೆಳಕು ಮಾಂಸದಲ್ಲಿ ಒಂದೆರಡು ಮಿಲಿಮೀಟರನ್ನು ಸಹ ಸರಿಯಾಗಿ ದಾಟದು.

ಈ ಸೀಮೆಯವರು ಗಮನಿಸಬೇಕಾದುದು ಬಾಯಿಯ ಕ್ಯಾನ್ಸರು. ಎಳಂದೂರಿನ ಹೊನ್ನಮ್ಮನಿಗೆ ಅರಮನೆಯ ಎಲೆಯಡಕೆಯ ಸಂಚಿಯಿಂದ ಬಂದ ಹೆಸರನ್ನು ಸಾಹಿತ್ಯದ ಅಧ್ಯಾಪಕರು ಮಕ್ಕಳಿಗೆ ವಿವರಿಸುವರಷ್ಟೆ. ಅಡಕೆಯು ಹೊಗೆಸೊಪ್ಪಿಲ್ಲದೆಯೂ ಕ್ಯಾನ್ಸರಿಗೆ ಕಾರಣವೆಂದು ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನ ಸಂಸ್ಥೆಯು 2004ರಲ್ಲಿ ಸಾರಿತು. ಹೊಗೆಸೊಪ್ಪು ಸೇರಿದರೆ ಹೇಳತಕ್ಕುದೇನು? ಬಾಯಿಯು ಬೆಳಕು ತಲುಪುವ ಎಡೆಯಾದುದರಿಂದ ರಂಜಕಚಿಕಿತ್ಸೆಗೆ ಒಗ್ಗುವುದು. ತಲೆಕುತ್ತಿಗೆಗಳ ಮುಂದುವರಿದ ಕ್ಯಾನ್ಸರಿಗೆ ಟೆಮೊಪೋರ್ಫಿನ್ ಎಂಬ ರಂಜಕವನ್ನು ಯೂರೋಪಿನಲ್ಲಿ 2001ರಲ್ಲಿ ಒಪ್ಪಿದರು. ಅದನ್ನು ಚುಚ್ಚಿಸಿಕೊಂಡವನು ಮೊದಲ ದಿನಗಳನ್ನು ಮಬ್ಬುಗತ್ತಲೆಯ ಕೋಣೆಯಲ್ಲಿ ಕಳೆಯಬೇಕು, ವಾರಗಳ ಕಾಲ ಬಿಸಿಲಿಗೆ ಬೀಳಬಾರದು. ಹನೂರಿನ ಕಡೆಯ ಹೊಲದಲ್ಲಿ ಅರಿಸಿನ ಅಗೆಯುವ ಕೂಲಿಯವನಿಗೆ ಔಷಧದ ಬೆಲೆಗಿಂತ ಈ ಪಥ್ಯವೇ ದುಬಾರಿಯಾದೀತು. ಚರಕನ ರೋಗಿಗೆ ಬಿಸಿಲೇ ಪಥ್ಯವಾಗಿದ್ದಿತು, ಇವನಿಗೆ ನೆರಳು.