ಬೆಳೆಯುವ ಕಾಲು, ಉಬ್ಬಿದ ನರ

1900ರಲ್ಲಿ ಪ್ಯಾರಿಸ್ಸಿನ ಇಬ್ಬರು ವೈದ್ಯರು, ಮೋರಿಸ್ ಕ್ಲಿಪ್ಪೆಲ್ ಮತ್ತು ಪಾಲ್ ಟ್ರೆನೋನೆ, ಒಂದು ಲೇಖನ ಪ್ರಕಟಿಸಿದರು. ಹುಟ್ಟುವಾಗಲೇ ಕಾಲಿನ ಮೇಲೆ ನೇರಳೆರಸ ಚೆಲ್ಲಿದಂಥ ಮಚ್ಚೆ, ಅದೇ ಕಾಲಿನಲ್ಲಿ ಹಾವಿನಂತೆ ಸುತ್ತಿಕೊಂಡ ಉಬ್ಬುನರ, ಅದೇ ಕಾಲು ಇನ್ನೊಂದಕ್ಕಿಂತ ದಪ್ಪಗೆ, ಉದ್ದಕ್ಕೆ ಬೆಳೆಯುವುದು: ಇವು ಬೇರೆ ಬೇರೆ ಕಾಯಿಲೆಗಳಲ್ಲ, ಒಂದೇ ತೊಂದರೆಯ ಮೂರು ಮುಖ ಎಂದರು. ಉಬ್ಬುನರವೆಂದರೆ ನಿಂತು ದುಡಿಯುವವರ ಬಾಧೆ, ನಾಲ್ಕಾರು ಹೆತ್ತ ತಾಯಂದಿರ ಬಾಧೆ ಎಂಬ ರೂಢಿಯ ಲೆಕ್ಕಕ್ಕೆ ಈ ಮಕ್ಕಳ ಕಾಲು ಸೇರುವಂತಿರಲಿಲ್ಲ.

ದೊಡ್ಡವರ ಉಬ್ಬುನರದ್ದು ಬಲು ಹಳೆಯ ಚರಿತ್ರೆ. ಕ್ರಿ.ಪೂ. 4ನೇ ಶತಮಾನದ ಅಥೆನ್ಸಿನ ಹರಕೆಯ ಕಲ್ಲೊಂದರಲ್ಲಿ ಭಕ್ತನೊಬ್ಬ ಭಾರಿ ಗಾತ್ರದ ಕಾಲೊಂದನ್ನು ಹಿಡಿದು ನಿಂತಿದ್ದಾನೆ. ಅದರ ಮೇಲೆ ಉಬ್ಬಿದ ನರ ಎದ್ದು ಕಾಣುತ್ತದೆ. ರೋಮಿನ ದಂಡನಾಯಕ ಗಾಯಸ್ ಮರಿಯಸ್ ಕೈಕಾಲು ಕಟ್ಟಿಸಿಕೊಳ್ಳದೆ ಒಂದು ಕಾಲಿನ ಉಬ್ಬುನರವನ್ನು ಕೊಯ್ಯಿಸಿಕೊಂಡು, ಇನ್ನೊಂದನ್ನು ಚಾಚಲು ಒಪ್ಪಲಿಲ್ಲ ಎಂದು ಪ್ಲುಟಾರ್ಕ್ ಬರೆದಿದ್ದಾನೆ. ಗುಣವಾಗುವುದಕ್ಕೆ ಅಷ್ಟು ನೋವು ತಿನ್ನುವುದು ಬೇಡವೆನಿಸಿತಂತೆ. ಕಾದಾಡಿ ಪಳಗಿದ ಗಂಡಸಿಗೇ ಹೀಗಾದರೆ, ಅರಿವಳಿಕೆಯಿಲ್ಲದ ಆ ಕಾಲದಲ್ಲಿ ಮಗುವಿನ ಪಾಡೇನು ಎಂದು ನೆನೆದರೇ ಸಂಕಟವಾಗುತ್ತದೆ.

ಕಾರಣ ಬಿಚ್ಚಿಕೊಂಡದ್ದು ನಿಧಾನವಾಗಿ. ಪಡುವಾದ ಫ್ಯಾಬ್ರಿಸಿಯಸ್ 1603ರಲ್ಲಿ ಈ ನರಗಳ (ಅಭಿಧಮನಿಗಳ) ಒಳಗಿನ ಪುಟ್ಟ ಕವಾಟಗಳನ್ನು ಚಿತ್ರಸಮೇತ ತೋರಿಸಿದ. ಅವನ ಶಿಷ್ಯ ವಿಲಿಯಂ ಹಾರ್ವೆ 1628ರಲ್ಲಿ ಅವುಗಳ ಕೆಲಸ ಹೇಳಿದ: ರಕ್ತ ಹೃದಯದ ಕಡೆಗೇ ಹೋಗಬೇಕು, ಹಿಂದಕ್ಕೆ ಇಳಿಯಬಾರದು. ಕವಾಟ ಸೋತರೆ ರಕ್ತ ಕೆಳಗೆ ನಿಲ್ಲುತ್ತದೆ, ನರ ಹಿಗ್ಗುತ್ತದೆ. ಜರ್ಮನಿಯ ಟ್ರೆಂಡೆಲೆನ್‌ಬರ್ಗ್ 1890ರಲ್ಲಿ ತೊಡೆಯ ಒಳಬದಿಯ ದೊಡ್ಡ ನರವನ್ನು ಕಟ್ಟಿಹಾಕುವ ಶಸ್ತ್ರಚಿಕಿತ್ಸೆಯನ್ನು ಪ್ರಕಟಿಸಿದ. 1905ರಿಂದ 1907ರೊಳಗೆ ಅಮೆರಿಕದ ಕೆಲರ್, ಮೇಯೊ, ಬ್ಯಾಬ್‌ಕಾಕ್ ಒಬ್ಬರ ಹಿಂದೊಬ್ಬರು ನರವನ್ನೇ ಎಳೆದು ತೆಗೆಯುವ ಸಲಕರಣೆಗಳನ್ನು ತಂದರು. ಚರ್ಮದಡಿಯ ನರ ಹೋದರೇನಂತೆ, ಮಾಂಸಖಂಡಗಳ ನಡುವಿನ ಆಳದ ನರಗಳು ರಕ್ತವನ್ನು ಮೇಲಕ್ಕೆ ಒಯ್ಯುತ್ತವೆ ಎಂಬ ಭರವಸೆ ಈ ಎಲ್ಲದರ ಬೆನ್ನಿಗಿತ್ತು.

ದೊಡ್ಡವರಲ್ಲಿ ಬಹುಮಟ್ಟಿಗೆ ಆ ಭರವಸೆ ನಿಜ. ಪ್ಯಾರಿಸ್ಸಿನ ವೈದ್ಯರು ವಿವರಿಸಿದಂಥ ಮಕ್ಕಳಲ್ಲಿ ಹಾಗಲ್ಲ.

ಅವರಲ್ಲಿ ಕೆಲವರ ಆಳದ ನರ ತೀರ ಸಪೂರ. ಕೆಲವರಿಗೆ ನಡುವೆ ಒಂದು ತುಂಡೇ ಇರುವುದಿಲ್ಲ. ಅದಕ್ಕೆ ಬದಲು ಪಾದದ ಅಂಚಿನಿಂದ ತೊಡೆಯವರೆಗೆ, ಕಾಲಿನ ಹೊರಮಗ್ಗುಲಲ್ಲಿ ದಪ್ಪನೆಯ ನರವೊಂದು ಏರುತ್ತದೆ. ಭ್ರೂಣದಲ್ಲಿದ್ದು, ಹುಟ್ಟುವ ಮುನ್ನವೇ ಮಾಯವಾಗಬೇಕಿದ್ದ ನರ ಅದು. ನೋಡುವವರಿಗೆ ಮೊದಲು ತೆಗೆಸಬೇಕೆನ್ನಿಸುವುದೂ ಅದನ್ನೇ. ಆದರೆ ಆಳದ ದಾರಿಯಿಲ್ಲದ ಕಾಲಿನಲ್ಲಿ ರಕ್ತಕ್ಕೆ ಉಳಿದಿರುವ ಹೆದ್ದಾರಿಯೂ ಅದೇ. ಕಿತ್ತರೆ ಕಾಲು ಮತ್ತಷ್ಟು ಊದುತ್ತದೆ. ಫ್ರಾನ್ಸಿನ ಶಸ್ತ್ರವೈದ್ಯ ಸರ್ವೆಲ್ ದಶಕಗಳ ಕಾಲ ಈ ಕಾಲುಗಳನ್ನೇ ಅಧ್ಯಯನ ಮಾಡಿ, 1985ರಲ್ಲಿ ತಾನು ಶಸ್ತ್ರಚಿಕಿತ್ಸೆ ಮಾಡಿದ 768 ಪ್ರಕರಣಗಳ ವರದಿ ಕೊಟ್ಟ. ಮೂಲ ತೊಂದರೆ ಇರುವುದು ಆಳದ ನರದಲ್ಲಿ ಎಂಬುದು ಅವನ ವಾದ. ಮಂಡಿಯ ಹಿಂದೆ ನಾರಿನ ಪಟ್ಟಿಗಳು ಆಳದ ನರವನ್ನು ಅದುಮಿ ಹಿಡಿದಿದ್ದರೆ ಅವನ್ನು ಬಿಡಿಸುತ್ತಿದ್ದ. ಅವನ ವಾದವನ್ನು ಎಲ್ಲರೂ ಪೂರ್ತಿ ಒಪ್ಪಬೇಕಿಲ್ಲ. ಆದರೆ ಹೊರಗಿನದನ್ನು ಮುಟ್ಟುವ ಮುನ್ನ ಒಳಗಿನದನ್ನು ನೋಡು ಎಂಬ ಎಚ್ಚರಿಕೆ ಮಕ್ಕಳಿಗೆ ಯಾವ ಸಲಕರಣೆಗಿಂತಲೂ ದೊಡ್ಡ ಉಪಕಾರ ಮಾಡಿದೆ.

ಈಗ ಆ ನೋಟಕ್ಕೆ ಡಾಪ್ಲರ್ ಸ್ಕ್ಯಾನ್ ಇದೆ. ಆಳದ ದಾರಿ ಸರಿಯಿದ್ದರೆ ಹೊರಮಗ್ಗುಲಿನ ನರವನ್ನು ಎಳೆ ವಯಸ್ಸಿನಲ್ಲೇ ಲೇಸರ್‌ನಿಂದ ಮುಚ್ಚುವುದೂ ಉಂಟು; ಏಕೆಂದರೆ ಆ ನರದಲ್ಲಿ ಹೆಪ್ಪುಗಟ್ಟಿದ ರಕ್ತ ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಅಪಾಯ.

ಮಚ್ಚೆಯಿಲ್ಲದ, ಉಳಿದಂತೆ ಆರೋಗ್ಯವಾಗಿರುವ ಹುಡುಗ ಹುಡುಗಿಯರಲ್ಲಿ ಕಾಣಿಸುವ ಉಬ್ಬುನರದ ಕಥೆ ಬೇರೆ. ಜರ್ಮನಿಯ ಬೋಖುಮ್ ನಗರದ ಶಾಲಾಮಕ್ಕಳನ್ನು 10-12ರ ವಯಸ್ಸಿನಿಂದ 20ರವರೆಗೆ ಮತ್ತೆ ಮತ್ತೆ ಪರೀಕ್ಷಿಸಿದರು. ಮೊದಲ ಸುತ್ತಿನಲ್ಲಿ ದೊಡ್ಡ ಉಬ್ಬುನರ ಯಾರಲ್ಲೂ ಕಾಣಲಿಲ್ಲ, ಆದರೆ ಕೆಲವರಲ್ಲಿ ರಕ್ತ ಆಗಲೇ ಹಿಂದಕ್ಕೆ ಇಳಿಯುತ್ತಿತ್ತು. 18-20ರ ಹೊತ್ತಿಗೆ ಹೆಚ್ಚುಕಡಿಮೆ ಐವರಲ್ಲಿ ಒಬ್ಬರಿಗೆ ಹಾಗಾಗಿತ್ತು.

ಕ್ಲಿಪ್ಪೆಲ್-ಟ್ರೆನೋನೆ ತೊಂದರೆಯ ಬೇರು ಸಿಕ್ಕಿದ್ದು ತೀರ ಈಚೆಗೆ. ಗರ್ಭದಲ್ಲಿ ಮಗು ರೂಪುಗೊಳ್ಳುವಾಗ ಕೆಲವೇ ಜೀವಕೋಶಗಳಲ್ಲಿ ಪಿಐಕೆ3ಸಿಎ ಎಂಬ ಜೀನ್ ಕೆಡುತ್ತದೆ. ಸಾಮಾನ್ಯವಾಗಿ ಇದು ತಂದೆತಾಯಿಯಿಂದ ಬರುವುದಲ್ಲ. ಮಚ್ಚೆಯಿರುವ ಮಗುವನ್ನು ಕಂಡು ‘ಗ್ರಹಣದ ದಿನ ಹೊರಗೆ ಬಂದಿದ್ದೆಯೇನಮ್ಮ’ ಎಂದು ಬಾಣಂತಿಯನ್ನು ಕೇಳುವವರು ನಮ್ಮಲ್ಲಿ ಇನ್ನೂ ಇದ್ದಾರೆ. ಆ ತಾಯಿಯ ತಪ್ಪು ಇದರಲ್ಲಿ ಎಳ್ಳಷ್ಟೂ ಇಲ್ಲ. ಪ್ಯಾರಿಸ್ಸಿನಲ್ಲೇ, ನೆಕ್ಕರ್ ಆಸ್ಪತ್ರೆಯಲ್ಲಿ, ಗಿಯೋಮ್ ಕಾನೋ ಅವರ ತಂಡ ಕ್ಯಾನ್ಸರ್‌ಗೆಂದು ತಯಾರಾಗಿದ್ದ ಆಲ್ಪೆಲಿಸಿಬ್ ಔಷಧಿಯನ್ನು ಈ ಜೀನ್ ಕೆಟ್ಟ 19 ಮಂದಿಗೆ ಕೊಟ್ಟು, 2018ರಲ್ಲಿ ಫಲಿತಾಂಶ ಪ್ರಕಟಿಸಿತು. ಅವರಲ್ಲಿ ಹೆಚ್ಚಿನವರು ಮಕ್ಕಳು. ತೀವ್ರ ತೊಂದರೆಯಿರುವ, 2 ವರ್ಷ ದಾಟಿದವರಿಗೆ ಅದನ್ನು ಕೊಡಲು 2022ರಲ್ಲಿ ಅಮೆರಿಕ ಒಪ್ಪಿಗೆ ನೀಡಿತು.

ಇಷ್ಟಾದರೂ ಹೆಚ್ಚಿನ ಮಕ್ಕಳ ದಿನ ಶುರುವಾಗುವುದು ಬಿಗಿ ಕಾಲುಚೀಲದಿಂದ. ಅದರ ಹಿಂದೆ ಕಾನ್ರಾಡ್ ಜಾಬ್ಸ್ಟ್ ಎಂಬ ಅಮೆರಿಕದ ಎಂಜಿನಿಯರ್ ಇದ್ದಾನೆ. ತಾನೇ ಕಾಲುನರದ ಬಾಧೆಯಿಂದ ನರಳುತ್ತಿದ್ದವನಿಗೆ ಈಜುಕೊಳದಲ್ಲಿ ನಿಂತಾಗ ನೋವು ಇಳಿದಂತಾಯಿತು. ಆಳಕ್ಕೆ ಹೋದಷ್ಟೂ ನೀರಿನ ಒತ್ತಡ ಹೆಚ್ಚು ಎಂಬುದನ್ನೇ ಹಿಡಿದು, ಪಾದದ ಬಳಿ ಬಿಗಿಯಾಗಿ, ಮೇಲೇರಿದಂತೆ ಸಡಿಲವಾಗುವ ಕಾಲುಚೀಲ ರೂಪಿಸಿದ. ದೊಡ್ಡವರಿಗೆ ಒಮ್ಮೆ ತೆಗೆದ ಅಳತೆ ಬಹುಕಾಲ ನಡೆಯುತ್ತದೆ. ಮಗುವಿನ ಕಾಲು ಬೆಳೆಯುತ್ತಲೇ ಇರುತ್ತದೆ. ಕೆಲವೇ ತಿಂಗಳಲ್ಲಿ ಚೀಲ ಗಿಡ್ಡವಾಗಿ, ಹಿಮ್ಮಡಿಯಿಂದ ತೊಡೆಯವರೆಗೆ ಮತ್ತೆ ಟೇಪು ಹಿಡಿಯಬೇಕಾಗುತ್ತದೆ.