ಎಸೆದ ಕಡ್ಡಿ, ಇಟ್ಟುಕೊಂಡ ಬ್ರಷ್



ಮೈಕಿನ ಮುಂದೆ ಕೂತಾಗ ನಿಮ್ಮ ಪ್ರಶ್ನೆಗಳಿಗೆ ಉತ್ತರ ಕೊಡಲು ನನಗೆ ಸಿಗುವುದು ಎರಡು ಹಾಡುಗಳ ನಡುವಿನ ಒಂದು ನಿಮಿಷ. ಕಳೆದ ತಿಂಗಳು ಬಂದ ಒಂದು ಪ್ರಶ್ನೆಗೆ ಆ ಒಂದು ನಿಮಿಷ ಸಾಲಲಿಲ್ಲ. ಹಾಗಾಗಿ ಈ ಪುಟದಲ್ಲಿ ಸ್ವಲ್ಪ ವಿಸ್ತಾರವಾಗಿ ಮಾತಾಡೋಣ ಅಂತ.

ಫೋನ್ ಮಾಡಿದವಳು ಹಾವೇರಿ ಕಡೆಯ ಹುಡುಗಿ. ಮುಂಬಯಿಗೆ ಬಂದು ಆರು ತಿಂಗಳಾಗಿದೆ. ಅಂಧೇರಿಯಲ್ಲಿ ಒಂದು ಪೇಯಿಂಗ್ ಗೆಸ್ಟ್ ಕೋಣೆ, ಅದರಲ್ಲಿ ಐದು ಹುಡುಗಿಯರು, ಐದೂ ಬ್ರಷ್ಷು ಒಂದೇ ಪ್ಲಾಸ್ಟಿಕ್ ಮಗ್ಗಿನಲ್ಲಿ. "ಅಕ್ಕಾ, ನಾ ದಿನಾ ನನ್ನ ಬ್ರಷ್ ಕುದಿಯೂ ನೀರಿನ್ಯಾಗ ಅದ್ದತೀನಿ. ಅದು ಸೊಟ್ಟ ಆಗೇತಿ. ರೂಮಿನ್ಯಾಗ ಎಲ್ಲಾರೂ ನಗತಾರ. ನಮ್ಮಜ್ಜಿ ಬೇವಿನ ಕಡ್ಡಿ ಮುರಕೊಂಡು ಹಲ್ಲ ತಿಕ್ಕತಿದ್ಲು, ಆಕಿಗೆ ಇಂಥಾ ಚಿಂತಿ ಇರಲೇ ಇಲ್ಲ. ಈ ಬ್ರಷ್ ಸ್ವಚ್ಛ ಇಡೂದು ಹ್ಯಾಂಗ?"

ಆ ಹುಡುಗಿಗೆ ಗೊತ್ತಿಲ್ಲದಂತೆಯೇ ಅವಳ ಪ್ರಶ್ನೆಯೊಳಗೆ ಒಂದು ದೊಡ್ಡ ಇತಿಹಾಸವಿದೆ. ಅಜ್ಜಿಗೆ ಚಿಂತೆ ಇರಲಿಲ್ಲ ನಿಜ. ಯಾಕೆಂದರೆ ಅಜ್ಜಿ ಕಡ್ಡಿಯನ್ನು ಎಸೆಯುತ್ತಿದ್ದಳು. ಇಂದಿನ ಕಡ್ಡಿ ಇಂದಿಗೆ, ನಾಳೆಯದು ನಾಳೆಗೆ. ಹಲ್ಲುಜ್ಜುವ ಸಾಧನವನ್ನು ಎಸೆಯದೆ ಇಟ್ಟುಕೊಳ್ಳಲು ಶುರುಮಾಡಿದ ದಿನವೇ ಅದನ್ನು ಸ್ವಚ್ಛವಾಗಿಡುವ ಚಿಂತೆಯೂ ಶುರುವಾಯಿತು.

ಕಡ್ಡಿಯ ಕಾಲದಿಂದಲೇ ಹೊರಡೋಣ. ನಮ್ಮ ಆಯುರ್ವೇದದ ಹಳೆಯ ಗ್ರಂಥ ಚರಕಸಂಹಿತೆಯಲ್ಲಿ ದಿನಕ್ಕೆ ಎರಡು ಸಲ ಹಲ್ಲುಜ್ಜಬೇಕು, ಕಡ್ಡಿಯ ತುದಿಯನ್ನು ಜಗಿದು ಮೆದು ಮಾಡಿಕೊಳ್ಳಬೇಕು, ಒಸಡಿಗೆ ಗಾಯವಾಗಬಾರದು ಎಂಬ ಮಾತಿದೆ. ಅದು ಹೇಳುವ ಮರಗಳಲ್ಲಿ ಕರಂಜವೂ ಒಂದು. ಕರಂಜ ಅಂದರೆ ಬೇರೇನಲ್ಲ, ನಮ್ಮ ಹೊಲದ ಬದುವಿನ ಹೊಂಗೆ.

ಕ್ರಿ.ಶ. 671ರಲ್ಲಿ ಚೀನಾದಿಂದ ಸಮುದ್ರಮಾರ್ಗವಾಗಿ ಹೊರಟು ಭಾರತಕ್ಕೆ ಬಂದ ಬೌದ್ಧ ಭಿಕ್ಷು ಇತ್ಸಿಂಗ್ ನಳಂದದಲ್ಲಿ ಹಲವು ವರ್ಷ ಓದಿದವನು. ಇಲ್ಲಿನ ಭಿಕ್ಷುಗಳ ದಿನಚರಿ ಬರೆಯುವಾಗ ದಂತಕಾಷ್ಠಕ್ಕೆಂದೇ ಒಂದು ಅಧ್ಯಾಯ ಮೀಸಲಿಟ್ಟ. ಕಡ್ಡಿ ಹನ್ನೆರಡು ಬೆರಳಗಲ ಉದ್ದ ಇರಬೇಕು, ಎಂಟಕ್ಕಿಂತ ಕಡಿಮೆ ಆಗಬಾರದು, ಕಿರುಬೆರಳಿನಷ್ಟು ದಪ್ಪವಿರಬೇಕು. ಒಂದು ತುದಿಯನ್ನು ನಿಧಾನವಾಗಿ ಜಗಿದು ಉಜ್ಜಬೇಕು. ಆಮೇಲೆ ಅದನ್ನೇ ಸೀಳಿ, ಬಗ್ಗಿಸಿ ನಾಲಿಗೆ ಹೆರೆದುಕೊಳ್ಳಬೇಕು. ಕೆಲಸ ಮುಗಿದ ಮೇಲೆ ತೊಳೆದು ಎಸೆಯಬೇಕು. ಸುಮಾರು 1300 ವರ್ಷ ಹಿಂದಿನ ಈ ವಿವರಣೆ ಓದುವಾಗ ನನಗೆ ನಮ್ಮೂರ ಬಾವಿಕಟ್ಟೆಯ ಬೆಳಗು ಕಣ್ಣಿಗೆ ಬಂತು.

ಈಗ ಇಟ್ಟುಕೊಳ್ಳುವ ಬ್ರಷ್ ಬಂದ ಕಥೆ. 1223ರಲ್ಲಿ ಜಪಾನಿನ ಝೆನ್ ಗುರು ದೋಗೆನ್ ಚೀನಾಕ್ಕೆ ಹೋದ. ಅಲ್ಲಿ ಕೆಲವರು ಹಿಡಿಯೊಂದಕ್ಕೆ ಕುದುರೆ ಬಾಲದ ಕೂದಲು ಸಿಕ್ಕಿಸಿ ಹಲ್ಲುಜ್ಜುವುದನ್ನು ಕಂಡ. ಅವನಿಗೆ ಅದು ಸ್ವಲ್ಪವೂ ಹಿಡಿಸಲಿಲ್ಲ. ಇದು ಶುದ್ಧವಾದ ಸಾಧನವಲ್ಲ, ಭಿಕ್ಷುಗಳಿಗೆ ಕಡ್ಡಿಯೇ ಸರಿ ಎಂದು ಬರೆದಿಟ್ಟ. ಗಮನಿಸಿ, ಬ್ರಷ್ಷಿನ ಬಗ್ಗೆ ಸಿಗುವ ಅತಿ ಹಳೆಯ ಬರಹಗಳಲ್ಲೊಂದರಲ್ಲೇ ಅದರ ಶುಚಿತ್ವದ ತಕರಾರೂ ಇದೆ. ಸೂಕ್ಷ್ಮಜೀವಿ ಎಂಬುದನ್ನು ಯಾರೂ ಕಾಣದ ಕಾಲ ಅದು.

ಮುಂದೆ 15ನೇ ಶತಮಾನದ ಹೊತ್ತಿಗೆ ಚೀನಾದಲ್ಲಿ ಹಂದಿಯ ಬಿರುಗೂದಲಿನ ಬ್ರಷ್ ಬಳಕೆಯಲ್ಲಿತ್ತು. ಚಳಿ ಪ್ರದೇಶದ ಹಂದಿಯ ಕೂದಲು ದಪ್ಪ, ಗಟ್ಟಿ. ಹಿಡಿಗೆ ಮೂಳೆ ಅಥವಾ ಬಿದಿರು. ಇಂಗ್ಲೆಂಡಿನಲ್ಲಿ 1780ರ ಸುಮಾರಿಗೆ ವಿಲಿಯಂ ಆ್ಯಡಿಸ್ ಎಂಬಾತ ಇಂಥ ಬ್ರಷ್ಷುಗಳನ್ನು ಮಾರಾಟಕ್ಕೆಂದೇ ಹೆಚ್ಚಿನ ಸಂಖ್ಯೆಯಲ್ಲಿ ಮಾಡಿಸತೊಡಗಿದ. ಗಲಭೆಯೊಂದರಲ್ಲಿ ಸಿಕ್ಕಿಬಿದ್ದು ಸೆರೆಮನೆಯಲ್ಲಿದ್ದಾಗ, ಊಟದಲ್ಲಿ ಉಳಿದ ಮೂಳೆಗೆ ತೂತು ಕೊರೆದು ಬಿರುಗೂದಲು ಕಟ್ಟಿ ಮೊದಲ ಬ್ರಷ್ ಮಾಡಿದ ಅಂತ ಒಂದು ಕಥೆ ಹೇಳುತ್ತಾರೆ. ಕಥೆ ಹೇಗೇ ಇರಲಿ, ಬ್ರಷ್ ಅಂಗಡಿಯ ಸಾಮಾನಾಯಿತು. ದುಡ್ಡು ಕೊಟ್ಟು ತಂದದ್ದನ್ನು ಯಾರು ದಿನಾ ಎಸೆಯುತ್ತಾರೆ?

ಈ ಮಧ್ಯೆ ಇನ್ನೊಂದು ಘಟನೆ ನಡೆದಿತ್ತು. ಹಾಲೆಂಡಿನ ಡೆಲ್ಫ್ಟ್ ಊರಿನ ಬಟ್ಟೆ ವ್ಯಾಪಾರಿ ಲೀವನ್‌ಹುಕ್ ತಾನೇ ಮಸೂರ ಉಜ್ಜಿ ಮಾಡಿಕೊಂಡ ಸೂಕ್ಷ್ಮದರ್ಶಕದಲ್ಲಿ ತನ್ನ ಹಲ್ಲಿನ ಸಂದಿಯ ಬಿಳಿ ಪಾಚಿಯನ್ನು ಇಟ್ಟು ನೋಡಿದ. ಅವನೇನು ಹಲ್ಲುಜ್ಜದವನಲ್ಲ, ದಿನಾ ಬೆಳಿಗ್ಗೆ ಉಪ್ಪಿನಲ್ಲಿ ತಿಕ್ಕುತ್ತಿದ್ದ. ಆದರೂ ಅದರಲ್ಲಿ ಪುಟ್ಟ ಪುಟ್ಟ ಜೀವಿಗಳು ಈಜುತ್ತಿದ್ದವು. 1683ರ ಸೆಪ್ಟೆಂಬರ್ 17ರಂದು ಲಂಡನ್ನಿನ ರಾಯಲ್ ಸೊಸೈಟಿಗೆ ಅದನ್ನು ಪತ್ರದಲ್ಲಿ ತಿಳಿಸಿದ. ತನ್ನ ದೇಶದ ಜನಸಂಖ್ಯೆಗಿಂತ ತನ್ನ ಬಾಯಿಯಲ್ಲಿರುವ ಜೀವಿಗಳ ಸಂಖ್ಯೆಯೇ ಹೆಚ್ಚು ಎನ್ನುವುದು ಅವನ ಅಂದಾಜು. ಕೆಲವು ವರ್ಷಗಳ ನಂತರ ಮತ್ತೆ ನೋಡಿದಾಗ ಮುಂದಿನ ಹಲ್ಲುಗಳ ಮೇಲಿನ ಜೀವಿಗಳಲ್ಲಿ ಚಲನೆ ಇರಲಿಲ್ಲ. ಬೆಳಿಗ್ಗೆ ಕುಡಿಯುವ ಬಿಸಿ ಬಿಸಿ ಕಾಫಿಯೇ ಅದಕ್ಕೆ ಕಾರಣ ಎಂದುಕೊಂಡ. ಅಂಧೇರಿಯ ನಮ್ಮ ಹುಡುಗಿಯ ಬಿಸಿನೀರಿನ ಲೆಕ್ಕಾಚಾರ ಅಷ್ಟು ಹಳೆಯದು!

1890ರಲ್ಲಿ ಬರ್ಲಿನ್ನಿನಲ್ಲಿದ್ದ ಅಮೆರಿಕನ್ ದಂತವೈದ್ಯ ಮಿಲ್ಲರ್, ಬಾಯಿಯ ಸೂಕ್ಷ್ಮಜೀವಿಗಳ ಬಗ್ಗೆಯೇ ಒಂದು ಪುಸ್ತಕ ಪ್ರಕಟಿಸಿದ. ಬಾಯಿಯಲ್ಲಿ ಉಳಿದ ಆಹಾರವನ್ನು ಬ್ಯಾಕ್ಟೀರಿಯಾಗಳು ಆಮ್ಲವಾಗಿಸುತ್ತವೆ, ಆ ಆಮ್ಲ ಹಲ್ಲನ್ನು ಕೊರೆಯುತ್ತದೆ ಎಂದು ತೋರಿಸಿಕೊಟ್ಟ. ಆಮೇಲೆ ಜನರ ಕಣ್ಣು ಬ್ರಷ್ಷಿನ ಮೇಲೂ ಬಿತ್ತು. ಪ್ರಾಣಿಯ ಕೂದಲು ನೀರು ಹೀರುತ್ತದೆ, ಬೇಗ ಒಣಗುವುದಿಲ್ಲ, ತೇವದಲ್ಲಿ ಬ್ಯಾಕ್ಟೀರಿಯಾ ಹೆಚ್ಚುತ್ತವೆ. ಮೊದಲ ಮಹಾಯುದ್ಧದ ವರ್ಷಗಳಲ್ಲಿ ಕುದುರೆ ಕೂದಲಿನ ಶೇವಿಂಗ್ ಬ್ರಷ್ಷಿನಿಂದ ಬ್ರಿಟಿಷ್ ಮತ್ತು ಅಮೆರಿಕನ್ ಸೈನಿಕರಿಗೆ ಆಂಥ್ರಾಕ್ಸ್ ರೋಗ ತಗುಲಿದ್ದು ದಾಖಲೆಯಲ್ಲಿದೆ. ಅದು ಹಲ್ಲಿನ ಬ್ರಷ್ಷಲ್ಲ, ಗಡ್ಡದ ಬ್ರಷ್ಷು. ಆದರೂ ಕೂದಲಿನ ಮೇಲಿನ ನಂಬಿಕೆ ಸಡಿಲವಾಗಲು ಅಷ್ಟು ಸಾಕಲ್ಲವೇ?

1935ರಲ್ಲಿ ಅಮೆರಿಕದ ಡ್ಯೂಪಾಂಟ್ ಕಂಪನಿಯ ರಸಾಯನ ವಿಜ್ಞಾನಿ ವಾಲೇಸ್ ಕರೋದರ್ಸ್ ನೈಲಾನ್ ತಯಾರಿಸಿದ. ಆ ನೈಲಾನ್ ಜನರ ಕೈಗೆ ಮೊದಲು ಬಂದದ್ದು ಕಾಲುಚೀಲವಾಗಿ ಅಲ್ಲ, ಹಲ್ಲುಜ್ಜುವ ಬ್ರಷ್ಷಾಗಿ. 1938ರ ಫೆಬ್ರವರಿ 24ರಂದು 'ಡಾಕ್ಟರ್ ವೆಸ್ಟ್ಸ್' ಹೆಸರಿನ ನೈಲಾನ್ ಬ್ರಷ್ ಮಾರಾಟಕ್ಕೆ ಬಂತು. ಗಾಜಿನ ಕೊಳವೆಯೊಳಗೆ ಮುಚ್ಚಿ ಮಾರುತ್ತಿದ್ದರು. ಮೊದಮೊದಲ ನೈಲಾನ್ ಬಹಳ ಒರಟಾಗಿತ್ತು, ಒಸಡಿಗೆ ಹಿತವೆನಿಸುವ ಮೆದು ನೈಲಾನ್ 1950ರ ದಶಕದಲ್ಲಿ ಬಂತು. ನೈಲಾನಿನ ದೊಡ್ಡ ಗುಣವೆಂದರೆ ಅದು ಬೇಗ ಒಣಗುತ್ತದೆ. ಆ ಗುಣದ ಉಪಯೋಗ ನಮಗೆ ಆಗಬೇಕಾದರೆ ಒಣಗಲು ನಾವು ಬಿಡಬೇಕು, ಅಷ್ಟೆ.

ಅದೇ ಕಾಲದಲ್ಲಿ ನಮ್ಮಲ್ಲಿ ಏನು ನಡೆದಿತ್ತು? ಹಳೇ ಮೈಸೂರಿನ ಮನೆಗಳಲ್ಲಿ ಹಲ್ಲುಪುಡಿ ಅಂದರೆ ನಂಜನಗೂಡು ಹಲ್ಲುಪುಡಿ. ಬಿ.ವಿ. ಪಂಡಿತರು 1913ರಲ್ಲಿ ನಂಜನಗೂಡಿನಲ್ಲಿ ಆರಂಭಿಸಿದ ಸದ್ವೈದ್ಯಶಾಲೆಯ ಪುಡಿ ಅದು. ಪುಡಿಗೆ ಬೆರಳೇ ಬ್ರಷ್, ತೊಳೆದರೆ ಮುಗಿಯಿತು. ಇನ್ನು ಪುಣೆಯ ಕೇಳುಗರಿಗೆ ಗೊತ್ತಿರುವ ಯೆರವಡಾ ಜೈಲಿನಲ್ಲಿ, 1930ರಲ್ಲಿ ಗಾಂಧೀಜಿಯ ಜೊತೆಗಿದ್ದವರು ಕಾಕಾ ಕಾಲೇಲ್ಕರ್. ಬಾಲ್ಯದಲ್ಲಿ ಕಾರವಾರ, ಬೆಳಗಾವಿಗಳಲ್ಲಿ ಬೆಳೆದವರು. ಗಾಂಧೀಜಿಗೆ ಬೇವಿನ ಕಡ್ಡಿಯ ತುದಿ ಜಜ್ಜಿ ಕೊಡುತ್ತಿದ್ದರು. ಮರುದಿನ ಬೇರೆ ಕಡ್ಡಿ ಕೊಡಲು ಹೋದರೆ ಗಾಂಧೀಜಿ ಬೇಡವೆಂದರು. ಬಳಸಿದ ತುದಿಯನ್ನಷ್ಟೇ ಕತ್ತರಿಸಿ, ಅದೇ ಕಡ್ಡಿಯ ಹೊಸ ತುದಿಯನ್ನು ಜಜ್ಜಿಕೊಳ್ಳಬೇಕು, ಕಡ್ಡಿ ಪೂರಾ ಒಣಗುವವರೆಗೆ ಎಸೆಯಬಾರದು ಎನ್ನುವುದು ಅವರ ಕಟ್ಟಳೆ. ಅಷ್ಟು ಉಳಿತಾಯದ ಮನುಷ್ಯ ಕೂಡ ನಿನ್ನೆಯ ತುದಿಯನ್ನು ಇಂದು ಬಾಯಿಗೆ ಇಟ್ಟುಕೊಳ್ಳಲಿಲ್ಲ, ನೋಡಿ.

ಕಡ್ಡಿ ಮತ್ತು ಪುಡಿಯಿಂದ ನಮ್ಮನ್ನು ಪೇಸ್ಟು ಬ್ರಷ್ಷಿನ ಕಡೆಗೆ ಎಳೆದು ತಂದವರಲ್ಲಿ ನಮ್ಮ ರೇಡಿಯೋದವರೂ ಇದ್ದಾರೆ! 1952ರ ಡಿಸೆಂಬರಿನಲ್ಲಿ ರೇಡಿಯೋ ಸಿಲೋನಿನಲ್ಲಿ ಬಿನಾಕಾ ಗೀತಮಾಲಾ ಶುರುವಾಯಿತು. ಹಲ್ಲಿನ ಪೇಸ್ಟಿನ ಹೆಸರನ್ನೇ ಹೊತ್ತ ಕಾರ್ಯಕ್ರಮ ಅದು. 2024ರಲ್ಲಿ ತೀರಿಕೊಂಡ ಅಮೀನ್ ಸಯಾನಿಯವರ ದನಿಯಲ್ಲಿ ಆ ಹೆಸರು ಊರೂರು ತಲುಪಿತು. ಪೇಸ್ಟು ಬಂದಲ್ಲಿ ಬ್ರಷ್ಷೂ ಬರಲೇಬೇಕಲ್ಲ. ಆದರೆ ಅದನ್ನು ಬಳಸಿದ ಮೇಲೆ ಎಲ್ಲಿಡಬೇಕು ಅಂತ ಯಾವ ಜಾಹೀರಾತೂ ಹೇಳಲಿಲ್ಲ. ಆ ಸಾಲ ಇವತ್ತು ನಾನು ತೀರಿಸುತ್ತೇನೆ.

ಮೊದಲು ಸಮಾಧಾನದ ಮಾತು. ಬ್ರಷ್ಷಿನ ಮೇಲೆ ಬ್ಯಾಕ್ಟೀರಿಯಾ ಇದ್ದೇ ಇರುತ್ತವೆ. ಅವುಗಳಲ್ಲಿ ಹೆಚ್ಚಿನವು ನಿಮ್ಮದೇ ಬಾಯಿಯವು, ಅವುಗಳೊಡನೆ ನಿಮ್ಮ ದೇಹ ದಿನವೂ ಬಾಳುತ್ತಿದೆ. ಅದಕ್ಕೇ ಅಮೆರಿಕದ ರೋಗ ನಿಯಂತ್ರಣ ಕೇಂದ್ರವಾಗಲಿ ಅಲ್ಲಿನ ದಂತವೈದ್ಯರ ಸಂಘವಾಗಲಿ ಬ್ರಷ್ಷನ್ನು ಕುದಿಸಿ, ಮದ್ದಿನಲ್ಲಿ ಅದ್ದಿ ಎಂದು ಹೇಳುವುದಿಲ್ಲ. ಅವರು ಹೇಳುವುದು ತೀರಾ ಸರಳ. ಉಜ್ಜಿದ ಮೇಲೆ ಹರಿಯುವ ನೀರಿನಲ್ಲಿ ಪೇಸ್ಟು, ಆಹಾರದ ಚೂರು ಹೋಗುವಂತೆ ಚೆನ್ನಾಗಿ ತೊಳೆಯಿರಿ. ನೆಟ್ಟಗೆ ನಿಲ್ಲಿಸಿ, ಗಾಳಿಯಲ್ಲಿ ಒಣಗಲು ಬಿಡಿ. ದಿನನಿತ್ಯ ಮುಚ್ಚಳ ಹಾಕಿಡಬೇಡಿ, ಮುಚ್ಚಿದರೆ ತೇವ ಒಳಗೇ ಉಳಿಯುತ್ತದೆ. ಮೂರು ನಾಲ್ಕು ತಿಂಗಳಿಗೊಮ್ಮೆ, ಕೂದಲು ಕೆದರಿದ್ದರೆ ಇನ್ನೂ ಮೊದಲೇ, ಬದಲಿಸಿ. ಕುದಿಯುವ ನೀರು ಬ್ರಷ್ಷನ್ನೇ ಹಾಳುಮಾಡುತ್ತದೆ, ಹಾಳಾದ ಬ್ರಷ್ ಹಲ್ಲನ್ನು ಸರಿಯಾಗಿ ಉಜ್ಜುವುದಿಲ್ಲ.

ಎಚ್ಚರ ಬೇಕಾದದ್ದು ಇನ್ನೊಬ್ಬರ ಬಾಯಿಯ ವಿಷಯದಲ್ಲಿ. ಒಬ್ಬರ ಬ್ರಷ್ ಇನ್ನೊಬ್ಬರು ಬಳಸುವುದು ಬೇಡವೇ ಬೇಡ, ಗಂಡ ಹೆಂಡತಿಯಾದರೂ ಸರಿ. ಒಸಡಿನಿಂದ ರಕ್ತ ಬರುವುದುಂಟು, ಹೆಪಟೈಟಿಸ್ ಬಿ ಸೋಂಕು ಹಾಗೆ ಹಂಚಿಕೊಂಡ ಬ್ರಷ್ಷಿನಿಂದ ದಾಟಬಲ್ಲದು. ಒಂದೇ ಮಗ್ಗಿನಲ್ಲಿ ನಿಂತ ಬ್ರಷ್ಷುಗಳ ತಲೆ ಒಂದಕ್ಕೊಂದು ತಾಗಬಾರದು. ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು, ರೋಗನಿರೋಧಕ ಶಕ್ತಿ ಕುಂದಿದವರು ತಮ್ಮ ವೈದ್ಯರನ್ನೇ ಕೇಳಿ ನಡೆಯಬೇಕು.

ಮಹಾನಗರದ ಮನೆಗಳಲ್ಲಿ ಇನ್ನೊಂದು ತೊಡಕು, ಬಚ್ಚಲು ಕಕ್ಕಸು ಎರಡೂ ಒಂದೇ ಕಡೆ. ಫ್ಲಶ್ ಮಾಡಿದಾಗ ಕಣ್ಣಿಗೆ ಕಾಣದ ಹನಿಗಳು ಗಾಳಿಗೆ ಏಳುತ್ತವೆ ಎಂದು 1975ರಲ್ಲೇ ಅಮೆರಿಕದ ಚಾರ್ಲ್ಸ್ ಗರ್ಬಾ ಮತ್ತು ಸಂಗಡಿಗರು ತೋರಿಸಿದ್ದರು. ಮುಚ್ಚಳ ಹಾಕಿ ಫ್ಲಶ್ ಮಾಡಿದರೂ ವೈರಸ್ ಕಣಗಳು ಹರಡುವುದು ನಿಲ್ಲುವುದಿಲ್ಲ ಎಂದು 2024ರಲ್ಲಿ ಅವರೇ ಭಾಗಿಯಾಗಿದ್ದ ಅಧ್ಯಯನ ಹೇಳಿತು. ಆದ್ದರಿಂದ ಬ್ರಷ್ಷಿನ ಜಾಗ ಕಮೋಡಿನಿಂದ ಆದಷ್ಟು ದೂರ ಇರಲಿ. ಕಿಟಕಿಯ ಪಕ್ಕ ಇನ್ನೂ ಒಳ್ಳೆಯದು. ಜುಲೈ ತಿಂಗಳ ಮುಂಬಯಿಯಲ್ಲಿ ಬಟ್ಟೆಯೇ ಒಣಗುವುದಿಲ್ಲ, ಬ್ರಷ್ ಎಲ್ಲಿ ಒಣಗೀತು ಅಂತೀರಾ? ಜೋರಾಗಿ ಕೊಡವಿ ನೀರು ತೆಗೆಯಿರಿ. ಎರಡು ಬ್ರಷ್ ಇಟ್ಟುಕೊಂಡು ಬೆಳಿಗ್ಗೆ ಒಂದು, ರಾತ್ರಿ ಒಂದು ಬಳಸಿದರೆ ಪ್ರತಿಯೊಂದಕ್ಕೂ ಇಡೀ ದಿನ ಒಣಗಲು ಸಿಗುತ್ತದೆ.

ಪ್ರಯಾಣದ ಮಾತು ಬಂದರೆ ನನ್ನದೇ ತಪ್ಪು ಹೇಳಿಕೊಳ್ಳಬೇಕು. ಊರಿಗೆ ಹೋಗುವ ರಾತ್ರಿ ಬಸ್ಸು ಹತ್ತುವ ಮುಂಚೆ ಹಲ್ಲುಜ್ಜಿ, ಒದ್ದೆ ಬ್ರಷ್ಷನ್ನು ಪ್ಲಾಸ್ಟಿಕ್ ಡಬ್ಬಿಗೆ ತುರುಕಿ, ಮನೆ ಮುಟ್ಟಿದ ಮೇಲೂ ಎರಡು ದಿನ ಚೀಲದಲ್ಲೇ ಬಿಟ್ಟಿದ್ದೆ. ತೆಗೆದಾಗ ಮುಗ್ಗಲು ವಾಸನೆ. ಅವ್ವ ಮೂಸಿ ನೋಡಿ, "ಇದನ್ನ ಬಾಯಾಗ ಇಟಗೋತಿ ಏನ? ಹಿತ್ತಲದಾಗ ಬೇವಿನ ಗಿಡ ಐತಿ ಹೋಗು" ಅಂದಳು. ಅಂದಿನಿಂದ ಪಾಠ ಕಲಿತಿದ್ದೇನೆ. ಹೊರಡುವ ದಿನ ಬೇಗ ಉಜ್ಜಿ, ಬ್ರಷ್ ಒಣಗಿದ ಮೇಲೆ ಕಟ್ಟುತ್ತೇನೆ. ಡಬ್ಬಿಗೆ ಗಾಳಿ ಆಡುವ ತೂತುಗಳಿರಬೇಕು. ರೈಲಿನ ಬೇಸಿನ್ ಅಂಚಿನ ಮೇಲೆ ಬ್ರಷ್ ಇಡುವುದಿಲ್ಲ, ಕುಡಿಯುವ ನೀರಿನಲ್ಲೇ ಬಾಯಿ, ಬ್ರಷ್ ಎರಡೂ ತೊಳೆಯುತ್ತೇನೆ. ಊರು ಮುಟ್ಟಿದ ಕೂಡಲೇ ಚೀಲದಿಂದ ಮೊದಲು ಹೊರಬರುವುದು ಬ್ರಷ್.

ಹಾಗಂತ ಎಲ್ಲರೂ ಕಡ್ಡಿಗೆ ಮರಳಿ ಎಂದು ನಾನು ಹೇಳುತ್ತಿಲ್ಲ. ಕಡ್ಡಿ ಹಿಂದಿನ ಹಲ್ಲುಗಳ ಒಳಬದಿಗೆ ಸುಲಭವಾಗಿ ಹೋಗುವುದಿಲ್ಲ, ಗಡುಸಾದರೆ ಒಸಡು ಕೆರೆಯುತ್ತದೆ. ಮೆದು ಬ್ರಷ್ಷು, ಫ್ಲೋರೈಡ್ ಇರುವ ಪೇಸ್ಟು ಇವೇ ಇಂದಿನ ದಂತವೈದ್ಯರ ಮಾತು. ಅಜ್ಜಿಯಿಂದ ಕಲಿಯಬೇಕಾದದ್ದು ಒಂದೇ. ಅವಳ ಬಾಯಿಗೆ ಹೋಗುತ್ತಿದ್ದ ಕಡ್ಡಿ ಪ್ರತಿದಿನವೂ ಹೊಸದು. ನಮ್ಮದು ಹಳೆಯದೇ ಆದರೂ ಪ್ರತಿದಿನ ಒಣಗಿದ್ದಾಗಿರಲಿ.

ಅಂಧೇರಿಯ ತಂಗೀ, ಇದನ್ನು ಓದುತ್ತಿದ್ದರೆ ಕೇಳು. ನಿನ್ನ ಚಿಂತೆ ನಗುವಂಥದ್ದಲ್ಲ, ಅದು ಚೀನಾದಲ್ಲಿ ಕುದುರೆ ಕೂದಲಿನ ಬ್ರಷ್ ಕಂಡ ಗುರುವಿಗೂ ಬಂದಿದ್ದ ಚಿಂತೆ. ಆದರೆ ನೀರು ಕುದಿಸುವ ಗ್ಯಾಸ್ ಉಳಿಸು. ಸೊಟ್ಟ ಬ್ರಷ್ ಬದಲಿಸಿ, ಕಿಟಕಿಯ ಹತ್ತಿರ ನಿನ್ನದೇ ಒಂದು ಲೋಟದಲ್ಲಿ ಹೊಸದನ್ನು ನಿಲ್ಲಿಸು. ನಕ್ಕ ಗೆಳತಿಯರಿಗೂ ಒಂದೊಂದು ಲೋಟ ಕೊಡು.