ಚಾರ್ಜ್ 80ಕ್ಕೇ ನಿಂತರೆ ಬ್ಯಾಟರಿ ಹೋಯಿತೇ?

ಇಲ್ಲ. ಬ್ಯಾಟರಿ ಸದಾ ಪೂರ್ತಿ ತುಂಬಿದ್ದರೆ ಬೇಗ ಸವೆಯುತ್ತದೆ. ಅದಕ್ಕೇ ಲೆನೊವೊ, ಆಸುಸ್ ಲ್ಯಾಪ್‌ಟಾಪ್‌ಗಳಲ್ಲಿ ಚಾರ್ಜನ್ನು ಶೇ. 80ರ ಆಸುಪಾಸು ನಿಲ್ಲಿಸುವ ಸೆಟ್ಟಿಂಗ್ ಇರುತ್ತದೆ. ಹೊಸ ಬ್ಯಾಟರಿಗೆ ದುಡ್ಡು ಸುರಿಯುವ ಮೊದಲು ಅದನ್ನು ನೋಡಿ.

ಮಳೆಗಾಲದಲ್ಲಿ ತ್ಯಾಗಲಿ ಕಡೆ ಬಲ್ಬ್ ಮಂಕಾದರೆ ಎಲ್ಲರೂ ವೋಲ್ಟೇಜನ್ನೇ ದೂರುತ್ತಾರೆ. ಆದರೆ ಹೆಚ್ಚಿನ ಅಡಾಪ್ಟರ್‌ಗಳ ಮೇಲೆ 100–240 ವೋಲ್ಟ್ ಎಂದಿರುತ್ತದೆ. 160ರಲ್ಲೂ ಕೆಲಸ ಮಾಡುತ್ತವೆ. ಚಾರ್ಜ್ ಏರುವುದೇ ಇಲ್ಲವೇ? ಲ್ಯಾಪ್‌ಟಾಪ್ ಆಫ್ ಮಾಡಿ, ಅಡಾಪ್ಟರ್ ಕಿತ್ತು, ಪವರ್ ಬಟನ್ 30 ಸೆಕೆಂಡ್ ಒತ್ತಿಹಿಡಿದು ಮತ್ತೆ ಸಿಕ್ಕಿಸಿ. ಬ್ಯಾಟರಿ ಉಬ್ಬಿದ್ದರೆ ಮಾತ್ರ ಚಾರ್ಜ್‌ಗೆ ಹಾಕಲೇಬೇಡಿ.

ಶಬ್ದ ಬರದಿದ್ದರೆ ಮೊದಲು ಬ್ಲೂಟೂತ್ ಆಫ್ ಮಾಡಿ. ಶಬ್ದ ಒಳಕೋಣೆಯ ಇಯರ್‌ಫೋನಿಗೆ ಹೋಗುತ್ತಿರಬಹುದು (ನಮ್ಮನೆಯಲ್ಲಿ ಆಗಿದ್ದೂ ಅದೇ).

ಗುಡುಗು ಕೇಳುವ ಮೊದಲೇ, ಮೋಡ ಕಟ್ಟಿದಾಗಲೇ ಪ್ಲಗ್ ಕಿತ್ತಿಡಿ. ಬರೀ ಸ್ವಿಚ್ ಆರಿಸಿದರೆ ಸಿಡಿಲು ನಿಲ್ಲುವುದಿಲ್ಲ.